ಸೊನ್ನೆ ಎಂದು ಬರೆದದ್ದು ಸೊನ್ನೆಯಲ್ಲ: ಕರ್ನೆಲ್ ಕಡತಗಳ ಒಂದು ಓದು

(ಗಡಿನಾಡಿನ ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತುಗಳ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಎರಡು ಪ್ರಶ್ನೆಗಳನ್ನು ಸೇರಿಸಿದೆ.)

ನನ್ನ ಧ್ವನಿ ಕೇಳ್ತಾ ಉಂಟಲ್ವಾ? ಸರಿ. ಹೊಸೂರು, ತಾಳವಾಡಿ, ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿ, ಹೀಗೆ ಬೇರೆ ಬೇರೆ ಕಡೆಯಿಂದ ಸೇರಿದ ಗುರುಗಳಿಗೂ ಗೆಳೆಯರಿಗೂ ವಂದನೆ. ನಾನು ಕುಂಬಳೆ ಹತ್ತಿರದವಳು, ಕನ್ನಡ ಎಂ.ಎ. ವಿದ್ಯಾರ್ಥಿನಿ. ಈವರೆಗಿನ ಪ್ರಬಂಧಗಳಲ್ಲಿ ಶಾಸನ, ಜನಪದ, ಕನ್ನಡ ಶಾಲೆ ಇವೆಲ್ಲ ಬಂದವು. ನನ್ನ ವಿಷಯ ಸ್ವಲ್ಪ ಬೇರೆ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿನ ನಡುವೆ ಕರ್ನೆಲ್ ಎಂಬುದೊಂದು ಉಂಟು. ಮೆಮೊರಿ, ಡಿಸ್ಕು, ನೆಟ್‌ವರ್ಕು ಇವನ್ನೆಲ್ಲ ಯಾರಿಗೆ ಎಷ್ಟು ಎಂದು ಹಂಚಿಕೊಡುವ ಪಾರುಪತ್ಯಗಾರ ಅದು. ಅದರ ಸೆಟ್ಟಿಂಗುಗಳನ್ನು ಲಿನಕ್ಸಿನಲ್ಲಿ ಕಡತಗಳ ರೂಪದಲ್ಲಿ ಇಟ್ಟಿದ್ದಾರೆ. ಆ ಕಡತಗಳನ್ನು ಒಂದು ಪಠ್ಯವಾಗಿ ಓದಿ ವಿಮರ್ಶೆ ಮಾಡುವುದು ನನ್ನ ಉದ್ದೇಶ. ಕನ್ನಡ ವಿಭಾಗದವಳಿಗೆ ಇದು ಯಾಕೆ ಬೇಕು ಅಂತ ನನ್ನ ಮಾರ್ಗದರ್ಶಕರೂ ಕೇಳಿದರು. ಉತ್ತರ ಒಂದು ಯಕ್ಷಗಾನ ಪ್ರಸಂಗದ ಪುಸ್ತಕದಿಂದ ಶುರುವಾಗ್ತದೆ.

ಒಂದು ಸೂಚನೆ. ಕಡತಗಳ ಹೆಸರನ್ನು ನಾನು ಕನ್ನಡ ಲಿಪಿಯಲ್ಲೇ ಹೇಳ್ತೇನೆ, ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಅವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಇರ್ತವೆ.

1. ಹೆಸರುಂಟು, ಒಳಗೆ ಏನೂ ಇಲ್ಲ

ಕುಂಬಳೆ ಅಂದರೆ ಪಾರ್ತಿಸುಬ್ಬನ ಊರು ಎಂದು ನಿಮಗೆ ಗೊತ್ತುಂಟು. ನಮ್ಮ ಕಡೆ ಹಳೆಯ ಭಾಗವತರ ಮನೆಗಳಲ್ಲಿ ಕೈಬರಹದ ಪ್ರಸಂಗ ಪುಸ್ತಕಗಳು ಈಗಲೂ ಅಟ್ಟದ ಮೇಲೆ ಸಿಗ್ತವೆ. ಕಳೆದ ವರ್ಷ ಅಂಥ ಒಂದು ಮನೆಗೆ ಹೋಗಿದ್ದೆ. ಪುಸ್ತಕದ ಯಜಮಾನರಾದ ಅಜ್ಜನಿಗೆ ಅದನ್ನು ಹೊರಗೆ ಕೊಡಲು ಮನಸ್ಸಿಲ್ಲ. "ಇಲ್ಲೇ ಕೂತು ಏನು ಬೇಕೋ ಮಾಡಿಕೊ ಮಗಾ" ಎಂದರು. ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಒಂದೊಂದೇ ಹಾಳೆಯ ಫೋಟೊ ತೆಗೆದೆ. ಒಟ್ಟು 140 ಆಯಿತು. ನನ್ನ ಹಳೆಯ ಲ್ಯಾಪ್‌ಟಾಪಿಗೆ ಹಾಕಿ ಮೊಬೈಲಿನಿಂದ ಅಳಿಸಿದೆ. ಲ್ಯಾಪ್‌ಟಾಪಿನಲ್ಲೂ ಜಾಗ ಇರಲಿಲ್ಲ. ಕಟ್ ಮಾಡಿ ಪೆನ್‌ಡ್ರೈವಿಗೆ ಪೇಸ್ಟ್ ಮಾಡಿದೆ. ಪರದೆಯ ಮೇಲೆ ಹಸಿರು ಗೆರೆ ಸರ್ರನೆ ತುಂಬಿತು, ಮುಗಿಯಿತು ಎಂದಿತು. ಬಸ್ಸಿಗೆ ಹೊತ್ತಾಗಿತ್ತು. ಪೆನ್‌ಡ್ರೈವ್ ಎಳೆದು ಚೀಲಕ್ಕೆ ಹಾಕಿ ಹೊರಟೆ.

ಮನೆಗೆ ಬಂದು ನೋಡಿದರೆ 140 ಹೆಸರೂ ಉಂಟು. ಕೊನೆಯ ಅರುವತ್ತರ ಅಳತೆ ಮಾತ್ರ ಸೊನ್ನೆ. ಹೆಸರುಂಟು, ಒಳಗೆ ಏನೂ ಇಲ್ಲ.

ಇಜೆಕ್ಟ್ ಕೊಡದೆ ಎಳೆದದ್ದು ನನ್ನದೇ ತಪ್ಪು, ಅದನ್ನು ಮೊದಲೇ ಒಪ್ಪಿಕೊಳ್ತೇನೆ. ಆದರೆ ಮುಗಿಯಿತು ಎಂದು ಹೇಳಿದ್ದು ಯಾರು? ಮಂಗಳೂರಿನಲ್ಲಿ ಸರ್ವರುಗಳ ಕೆಲಸದಲ್ಲಿರುವ ನನ್ನ ದೊಡ್ಡಪ್ಪನ ಮಗನಿಗೆ ಫೋನು ಮಾಡಿದೆ.

"ಅಣ್ಣಾ, ಮುಗಿಯಿತು ಅಂತ ತೋರಿಸಿತ್ತು."

"ಅದು ಡ್ರೈವಿಗೆ ಹೋಗಿ ಮುಗಿದದ್ದಲ್ಲ ಮಾರಾಯ್ತಿ. ಮೆಮೊರಿಯಲ್ಲಿ ಕೂತದ್ದು. ಕರ್ನೆಲ್ ಆಮೇಲೆ ನಿಧಾನಕ್ಕೆ ಬರೀತದೆ. ನೀನು ಅಷ್ಟರಲ್ಲಿ ಎಳೆದಿದ್ದಿ."

ವಿಷಯ ಇಷ್ಟು. ಡಿಸ್ಕು, ಪೆನ್‌ಡ್ರೈವುಗಳು ನಿಧಾನ; ಮೆಮೊರಿ ಬಹಳ ವೇಗ. ಹಾಗಾಗಿ ಕರ್ನೆಲ್ ಬರೆಯಬೇಕಾದ್ದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಬರೆದಾಯಿತು ಎಂದು ನಮಗೆ ಹೇಳಿಬಿಡ್ತದೆ. ಮೆಮೊರಿಯಲ್ಲಿ ಬದಲಾಗಿ ಇನ್ನೂ ಡಿಸ್ಕಿಗೆ ಇಳಿಯದ ಪುಟಗಳಿಗೆ ಅವರ ಭಾಷೆಯಲ್ಲಿ 'ಡರ್ಟಿ' ಪುಟ ಅಂತ ಹೆಸರು. ನಮ್ಮ ಮಾತಿನಲ್ಲಿ ಮೈಲಿಗೆ ಪುಟ ಅನ್ನಬಹುದೇನೋ. ಅಂಥ ಪುಟಗಳು ಎಷ್ಟು ಸೇರಬಹುದು, ಎಷ್ಟು ಹೊತ್ತು ಕೂರಬಹುದು ಎಂಬುದಕ್ಕೆ ಸೆಟ್ಟಿಂಗು ಉಂಟು. ಅಣ್ಣ ಹೇಳಿದ ಹಾಗೆ 'ಪ್ರಾಕ್' ಒಳಗಿನ 'ಸಿಸ್' ಒಳಗಿನ 'ವಿಎಂ' ಎಂಬ ಫೋಲ್ಡರಿಗೆ ಹೋದೆ. 'ಡರ್ಟಿ_ರೇಷಿಯೊ' ಎಂಬ ಕಡತ ತೆರೆದೆ. ಒಳಗೆ 20 ಎಂದಿತ್ತು. ಮೈಲಿಗೆ ಪುಟಗಳು ಲಭ್ಯ ಮೆಮೊರಿಯ 20 ಶೇಕಡಾ ಮುಟ್ಟಿದರೆ, ಬರೆಯುತ್ತಿರುವ ಪ್ರೋಗ್ರಾಮನ್ನೇ ತಡೆದು ನಿಲ್ಲಿಸ್ತದೆ ಎಂದು ಅರ್ಥ. ಪಕ್ಕದಲ್ಲಿ 'ಡರ್ಟಿ_ಬೈಟ್ಸ್' ಎಂಬ ಕಡತ. ಅದರಲ್ಲಿ 0. ಅಣ್ಣ ಹೇಳಿದಂತೆ ಅದರೊಳಗೆ 16777216 ಎಂದು ಬರೆದೆ, ಅಂದರೆ 16 ಎಂಬಿ. ಇನ್ನು ಮುಂದೆ ಹಸಿರು ಗೆರೆ ಪೆನ್‌ಡ್ರೈವಿನ ನಿಜವಾದ ವೇಗಕ್ಕೆ ಹತ್ತಿರ ಓಡ್ತದೆ, ಮೊದಲಿನ ಹಾಗೆ ಸುಳ್ಳು ಹೇಳುವುದಿಲ್ಲ. ಇಜೆಕ್ಟ್ ಮಾತ್ರ ಆಗಲೂ ಕೊಡಲೇಬೇಕು.

ಕುತೂಹಲಕ್ಕೆ 'ಡರ್ಟಿ_ರೇಷಿಯೊ' ಮತ್ತೊಮ್ಮೆ ತೆರೆದೆ. 20 ಇದ್ದದ್ದು 0 ಆಗಿತ್ತು! ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಸೊನ್ನೆ ಶೇಕಡಾ ಅಂದರೆ ಏನು, ಏನನ್ನೂ ಬರೆಯಲು ಬಿಡುವುದಿಲ್ಲ ಎಂದೇ? ಹೆದರಿಕೆಯಾಯಿತು. ಆಮೇಲೆ ದಾಖಲೆ ಹುಡುಕಿ ಓದಿದಾಗ ತಿಳಿಯಿತು. ಈ ಎರಡು ಕಡತಗಳಲ್ಲಿ ಒಂದು ಹೊತ್ತಿಗೆ ಒಂದೇ ಜಾರಿಯಲ್ಲಿರುವುದು. ಒಂದಕ್ಕೆ ಬರೆದರೆ ಇನ್ನೊಂದು ಸೊನ್ನೆ ತೋರಿಸ್ತದೆ. ಇಲ್ಲಿಯ ಸೊನ್ನೆಗೆ 'ಪಕ್ಕದ ಮನೆಯಲ್ಲಿ ಕೇಳಿ' ಎಂದು ಅರ್ಥ.

ಸಾಹಿತ್ಯದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಆಮಂತ್ರಣ ಬೇಕಾ? ಬರೆದದ್ದು ಒಂದು, ಹೇಳಿದ್ದು ಇನ್ನೊಂದು.

2. ಕಡತ ಎಂಬ ಮಾತು

ಫೈಲ್ ಎಂಬುದಕ್ಕೆ ನಾವು ಕಡತ ಅಂತೇವೆ. ಹಳೆಯ ಕಡತ ಅಂದರೆ ಏನು? ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ. ವ್ಯಾಪಾರಿಗಳು ಲೆಕ್ಕ ಇಡಲು, ಮಠಗಳು ವ್ಯವಹಾರ ದಾಖಲಿಸಲು ಬಳಸುತ್ತಿದ್ದರು. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಆಕರವಾಗಿ ಬಳಸಿದ್ದಾರೆ. ಶಾಸನಕ್ಕೂ ಕಡತಕ್ಕೂ ಇರುವ ವ್ಯತ್ಯಾಸ ಗಮನಿಸಿ. ಶಾಸನ ಕಲ್ಲಿನಲ್ಲಿ ಕೊರೆದದ್ದು, ಸೂರ್ಯಚಂದ್ರರಿರುವ ತನಕ ಎಂಬ ಹಠದ್ದು. ಕಡತವನ್ನು ಒರೆಸಿ ಪುನಃ ಬರೆಯಬಹುದು.

ಕರ್ನೆಲ್ಲಿನ ಸೆಟ್ಟಿಂಗ್ ಕಡತಗಳು ಈ ಹಳೆಯ ಅರ್ಥದಲ್ಲೇ ಕಡತಗಳು. 'ಪ್ರಾಕ್' ಫೋಲ್ಡರಿನ ಕಡತಗಳು ಡಿಸ್ಕಿನಲ್ಲಿ ಎಲ್ಲೂ ಇಲ್ಲ. ನಾವು ತೆರೆದ ಕ್ಷಣದಲ್ಲಿ ಕರ್ನೆಲ್ ತನ್ನ ಒಳಗಿನ ಸ್ಥಿತಿಯನ್ನು ಅಕ್ಷರಗಳಾಗಿ ಬರೆದುಕೊಡ್ತದೆ. ನಾವು ಬರೆದರೆ ಆ ಸ್ಥಿತಿ ಬದಲಾಗ್ತದೆ. ಕಂಪ್ಯೂಟರ್ ಆರಿಸಿ ಹಾಕಿದರೆ ಬಳಪದ ಬರಹ ಒರೆಸಿಹೋಗ್ತದೆ. ನನ್ನ 16 ಎಂಬಿ ಮರುದಿನ ಬೆಳಿಗ್ಗೆ ಇರಲಿಲ್ಲ. ಉಳಿಯಬೇಕಾದರೆ 'ಇಟಿಸಿ' ಫೋಲ್ಡರಿನ 'ಸಿಸ್‌ಕಂಟ್ರೋಲ್.ಡಿ' ಒಳಗೆ ಬೇರೆ ಕಡತದಲ್ಲಿ ಬರೆದಿಡಬೇಕು, ಪ್ರತಿ ಸಲ ಶುರುವಾಗುವಾಗ ಯಂತ್ರ ಅದನ್ನು ನೋಡಿ ಪುನಃ ತುಂಬಿಸ್ತದೆ. ಒಂದೇ ಸೆಟ್ಟಿಂಗನ್ನು ಎರಡು ಕಡೆ ಬರೆದಿದ್ದರೆ ಕೊನೆಗೆ ಓದಿದ್ದು ಗೆಲ್ಲುತ್ತದೆ. ಓದುವ ಕ್ರಮ ಕಡತದ ಹೆಸರಿನ ಅಕ್ಷರಾನುಕ್ರಮ. ಅದಕ್ಕೇ ಜನ ತಮ್ಮ ಕಡತಕ್ಕೆ 99 ಎಂದು ಶುರುವಾಗುವ ಹೆಸರು ಇಡುವುದು.

3. ಇದು ಎಲ್ಲಿಂದ ಬಂತು

ಯೂನಿಕ್ಸ್ ಪರಂಪರೆಯಲ್ಲಿ ಎಲ್ಲವನ್ನೂ ಕಡತವಾಗಿ ಕಾಣುವ ಒಲವು ಮೊದಲಿನಿಂದಲೂ ಉಂಟು. 1984ರಲ್ಲಿ ಬೆಲ್ ಲ್ಯಾಬ್ಸಿನ ಟಾಮ್ ಕಿಲಿಯನ್ ಅವರು, ಓಡುತ್ತಿರುವ ಪ್ರೋಗ್ರಾಮುಗಳನ್ನೂ ಕಡತಗಳಾಗಿ ತೋರಿಸಬಹುದು ಎಂದು ಪ್ರಬಂಧ ಬರೆದರು. 'ಪ್ರಾಕ್' ಎಂಬ ಫೋಲ್ಡರಿನ ಮೂಲ ಅಲ್ಲಿ. ಅದೇ ಲ್ಯಾಬಿನ 'ಪ್ಲಾನ್ 9' ಎಂಬ ಆಪರೇಟಿಂಗ್ ಸಿಸ್ಟಮ್ ಇನ್ನೂ ಮುಂದೆ ಹೋಯಿತು. ಅಲ್ಲಿ ಒಂದು ಪ್ರೋಗ್ರಾಮನ್ನು ಕೊಲ್ಲಬೇಕಾದರೆ ಅದರ 'ಸಿಟಿಎಲ್' ಎಂಬ ಕಡತದಲ್ಲಿ 'ಕಿಲ್' ಎಂದು ಬರೆದರೆ ಆಯಿತು.

ಇನ್ನೊಂದು ದಾರಿಯೂ ಇತ್ತು. ಬಿಎಸ್‌ಡಿ ಪರಂಪರೆಯಲ್ಲಿ ಸೆಟ್ಟಿಂಗುಗಳನ್ನು ಕಡತವಾಗಿ ಇಡದೆ, ಮರದ ಕೊಂಬೆಗಳಂತೆ ಸಂಖ್ಯೆ ಕೊಟ್ಟು, ಒಂದು ವಿಶೇಷ ಕರೆಯ ಮೂಲಕ ಕೇಳುವ ಪದ್ಧತಿ ಬಂತು. ಲಿನಕ್ಸ್ ಬಹಳ ಕಾಲ ಎರಡನ್ನೂ ಇಟ್ಟುಕೊಂಡಿತ್ತು. ಸಂಖ್ಯೆಯ ದಾರಿಯನ್ನು ಬಳಸಬೇಡಿ ಎಂದು ಕೈಪಿಡಿಯೇ ವರ್ಷಗಟ್ಟಲೆ ಎಚ್ಚರಿಸಿ, ಕೊನೆಗೆ 2020ರಲ್ಲಿ ಬಂದ 5.5ನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಕಡತದ ದಾರಿ ಉಳಿಯಿತು.

ಯಾಕೆ ಉಳಿಯಿತು? ಕಡತವನ್ನು ಓದಲು ಯಾವ ವಿಶೇಷ ಉಪಕರಣವೂ ಬೇಡ. ಯಾವ ಪ್ರೋಗ್ರಾಮಿಂಗ್ ಭಾಷೆಯೂ ಕಡತ ತೆರೆಯಬಲ್ಲದು. ಯಾರು ಓದಬಹುದು, ಯಾರು ಬರೆಯಬಹುದು ಎಂಬ ಅನುಮತಿಯ ವ್ಯವಸ್ಥೆ ಕಡತಕ್ಕೆ ಮೊದಲೇ ಉಂಟು. ಇಂಥ ಸೆಟ್ಟಿಂಗುಗಳಲ್ಲಿ ಹೆಚ್ಚಿನವನ್ನು ಯಾರೂ ಓದಬಹುದು, ಬರೆಯುವ ಅಧಿಕಾರ ಮಾತ್ರ ಆಡಳಿತಗಾರನಿಗೆ. ಸರ್ವರು ಗೊತ್ತಿಲ್ಲದ ನನ್ನಂಥವಳು ಒಳಹೊಕ್ಕು ನೋಡಲು ಸಾಧ್ಯವಾದದ್ದು ಇದರಿಂದ.

ನನಗೆ ಈ ಧೈರ್ಯ ಬಂದದ್ದಕ್ಕೆ ಇನ್ನೊಂದು ಕಾರಣವನ್ನೂ ಹೇಳಬೇಕು. ಕೇರಳದ ಶಾಲೆಗಳಲ್ಲಿ 2001ರಲ್ಲಿ ಶುರುವಾದ 'ಐಟಿ ಅಟ್ ಸ್ಕೂಲ್' ಯೋಜನೆ, 2017ರಿಂದ 'ಕೈಟ್' ಎಂಬ ಹೆಸರಿನ ಸಂಸ್ಥೆ, ಸ್ವತಂತ್ರ ತಂತ್ರಾಂಶವನ್ನೇ ಬಳಸ್ತದೆ. ಕನ್ನಡ ಮಾಧ್ಯಮದ ನಮಗೂ ಕಂಪ್ಯೂಟರಿನ ಪಾಠಪುಸ್ತಕ ಕನ್ನಡದಲ್ಲಿ ಇತ್ತು. ಲಿನಕ್ಸ್ ನನಗೆ ಕನ್ನಡದಲ್ಲೇ ಪರಿಚಯ ಆದದ್ದು. ಗಡಿನಾಡಿನಲ್ಲಿ ನಾವು ಕಳಕೊಂಡದ್ದರ ಲೆಕ್ಕ ಹೇಳುವಾಗ ಸಿಕ್ಕಿದ್ದನ್ನೂ ಹೇಳಬೇಕಲ್ವಾ.

4. ಒಳ್ಳೆಯ ಕಡತ, ಕೆಟ್ಟ ಕಡತ

ಇನ್ನು ವಿಮರ್ಶೆ. ಕೆಲವು ಕಡತಗಳನ್ನು ಒಂದೊಂದಾಗಿ ಓದೋಣ.

ಮೊದಲು ಹೊಗಳಬೇಕಾದದ್ದು. ನಮ್ಮ 'ವಿಎಂ' ಫೋಲ್ಡರಿನಲ್ಲೇ 'ಡರ್ಟಿ_ಎಕ್ಸ್‌ಪೈರ್_ಸೆಂಟಿಸೆಕ್ಸ್' ಎಂಬ ಕಡತ ಉಂಟು. ಮೈಲಿಗೆ ಪುಟ ಎಷ್ಟು ಹಳತಾದ ಮೇಲೆ ಡಿಸ್ಕಿಗೆ ಬರೆಯಲು ಅರ್ಹ ಎಂಬುದು ವಿಷಯ. ಒಳಗೆ ಸಾಮಾನ್ಯವಾಗಿ 3000 ಇರ್ತದೆ. ಸೆಕೆಂಡಿನ ನೂರನೇ ಒಂದು ಭಾಗ ಅಳತೆ ಎಂದು ಹೆಸರೇ ಹೇಳ್ತದೆ, ಹಾಗಾಗಿ ಇದು 30 ಸೆಕೆಂಡು. ಹೆಸರು ಉದ್ದ, ಕಿವಿಗೆ ಇಂಪಲ್ಲ. ಆದರೆ ಪ್ರಾಮಾಣಿಕ. ನನ್ನ ಅರುವತ್ತು ಹಾಳೆ ಎಲ್ಲಿ ಕೂತಿದ್ದವು ಎಂದು ನನಗೆ ಸರಿಯಾಗಿ ತಿಳಿಸಿದ್ದು ಈ ಕಡತ.

ಅದರ ಪಕ್ಕದಲ್ಲೇ ಪ್ರಸಿದ್ಧವಾದ 'ಸ್ವಾಪಿನೆಸ್'. ಒಳಗೆ 60. ಅರುವತ್ತು ಏನು? ಶೇಕಡವಾ, ಎಂಬಿಯಾ? ಯಾವುದೂ ಅಲ್ಲ. ಮೆಮೊರಿ ಕಮ್ಮಿ ಬಿದ್ದಾಗ ಪ್ರೋಗ್ರಾಮಿನ ಪುಟಗಳನ್ನು ಸ್ವಾಪಿಗೆ ಹಾಕುವುದು, ಕಡತದ ಪುಟಗಳನ್ನು ಬಿಟ್ಟುಕೊಡುವುದು, ಇವೆರಡರಲ್ಲಿ ಯಾವುದು ಎಷ್ಟು ದುಬಾರಿ ಎಂಬ ತೂಕ ಅದು. ಮೊದಲು 100ರ ತನಕ ಬರೆಯಬಹುದಿತ್ತು. 5.8ನೇ ಆವೃತ್ತಿಯಿಂದ 200ರ ತನಕ ಹೋಗಬಹುದು. ನೂರಕ್ಕೆ ನಿಂತಿದ್ದಾಗ ಜನ ಅದನ್ನು ಶೇಕಡಾ ಎಂದೇ ಓದಿದರು. ಓದಿದವರ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

'ಕರ್ನೆಲ್' ಫೋಲ್ಡರಿನ 'ಪ್ರಿಂಟ್‌ಕೆ' ಕಡತ ನೋಡಿ. ನಾಲ್ಕು ಅಂಕೆ ಸಾಲಾಗಿ ಉಂಟು. ಯಾವುದು ಯಾವುದಕ್ಕೆ ಎಂದು ಕಡತ ಹೇಳುವುದಿಲ್ಲ. ಛಂದಸ್ಸು ತಿಳಿದವರು ಮಾತ್ರ ಬಿಡಿಸಬಲ್ಲ ಪದ್ಯ ಅದು. 2003ರ ಕೊನೆಗೆ ಬಂದ 2.6ನೇ ಆವೃತ್ತಿಯಲ್ಲಿ 'ಸಿಸ್‌ಎಫ್‌ಎಸ್' ಎಂಬ ಹೊಸ ವ್ಯವಸ್ಥೆ ಸೇರಿತು. ಪ್ಯಾಟ್ರಿಕ್ ಮೋಚೆಲ್ ಅವರದು. ಅದರ ಸೂತ್ರ: ಸರಳ ಅಕ್ಷರಗಳ ಕಡತ, ಸಾಧ್ಯವಾದಷ್ಟು ಒಂದು ಕಡತಕ್ಕೆ ಒಂದೇ ಮೌಲ್ಯ. ಕೇಳಲು ಸಣ್ಣ ಮಾತು. ಆದರೆ ಒಂದು ಹೆಸರು, ಒಂದು ಮೌಲ್ಯ ಎಂದಾದಾಗ ಹೆಸರೇ ವಾಕ್ಯದ ಅರ್ಧ ಭಾಗವಾಗ್ತದೆ. ಓದುಗನಿಗೆ ಎಣಿಸುವ ಕೆಲಸ ಉಳಿಯುವುದಿಲ್ಲ.

ಆ ವ್ಯವಸ್ಥೆಯ ಎಲ್ಲ ಕಡತಗಳೂ ಸೂತ್ರಕ್ಕೆ ಬದ್ಧವಲ್ಲ. 'ಟ್ರಾನ್ಸ್‌ಪರೆಂಟ್_ಹ್ಯೂಜ್‌ಪೇಜ್' ಫೋಲ್ಡರಿನ 'ಎನೇಬಲ್ಡ್' ಎಂಬ ಕಡತದಲ್ಲಿ ಮೂರು ಪದ ಇರ್ತವೆ: 'ಆಲ್ವೇಸ್', 'ಮ್ಯಾಡ್ವೈಸ್', 'ನೆವರ್'. ಈಗ ಯಾವುದು ಜಾರಿಯಲ್ಲಿದೆಯೋ ಅದರ ಸುತ್ತ ಚೌಕ ಆವರಣ. ಇದು ನನಗೆ ಇಷ್ಟ. ಇರುವುದು ಯಾವುದು, ಇರಬಹುದಾದದ್ದು ಯಾವುದು, ಎರಡನ್ನೂ ಹೇಳ್ತದೆ. ಆದರೆ ಇಲ್ಲೂ ಒಂದು ಬಿರುಕು ಉಂಟು. ಓದಿದ ಸಾಲನ್ನು ಹಾಗೆಯೇ ತಿರುಗಿ ಬರೆದರೆ ಅದೇ ಅರ್ಥ ಬರುವುದಿಲ್ಲ. ಬರೆಯುವಾಗ ಒಂದೇ ಪದ ಬರೆಯಬೇಕು. ಓದುವ ಭಾಷೆ ಬೇರೆ, ಬರೆಯುವ ಭಾಷೆ ಬೇರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಬೆಳೆದ ನಮಗೆ ಇದು ಹೊಸತಲ್ಲ. ಆದರೆ ಯಂತ್ರದಿಂದ ನಾವು ಸ್ವಲ್ಪ ಹೆಚ್ಚು ನಿರೀಕ್ಷೆ ಮಾಡಬಹುದು.

ಇನ್ನು ವೇಷ ಹಾಕಿದ ಕಡತಗಳು. 'ಡ್ರಾಪ್_ಕ್ಯಾಶಸ್' ನೋಡಲು ಸೆಟ್ಟಿಂಗ್ ಕಡತದ ಹಾಗೆಯೇ. ಒಳಗೆ 1, 2 ಅಥವಾ 3 ಬರೆದರೆ, ಕರ್ನೆಲ್ ನೆನಪಿನಲ್ಲಿ ಇಟ್ಟುಕೊಂಡ ಶುದ್ಧ ಪುಟಗಳನ್ನು ಅಥವಾ ಬೇರೆ ಕ್ಯಾಶನ್ನು ಆ ಕ್ಷಣವೇ ಬಿಟ್ಟುಬಿಡ್ತದೆ. ಇದು ಸ್ಥಿತಿಯಲ್ಲ, ಆಜ್ಞೆ. ಪ್ಲಾನ್ 9 ಆಜ್ಞೆಗಳಿಗೆ 'ಸಿಟಿಎಲ್' ಎಂದು ಬೇರೆಯೇ ಬಾಗಿಲು ಇಟ್ಟಿತ್ತು. ಇಲ್ಲಿ ಅರಸನೂ ದೂತನೂ ಒಂದೇ ಕಿರೀಟ ಇಟ್ಟುಕೊಂಡು ರಂಗಕ್ಕೆ ಬಂದಿದ್ದಾರೆ.

'ಐಪಿ_ಫಾರ್ವರ್ಡ್' ಇನ್ನೂ ಗಂಭೀರ. ಯಂತ್ರ ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾರಿ ಬಿಡಬೇಕೇ ಬೇಡವೇ ಎಂಬುದಕ್ಕೆ 0 ಅಥವಾ 1. ಇಷ್ಟು ಸರಳವಾದ ಕಡತ ಇನ್ನೊಂದಿಲ್ಲ ಅನ್ನಿಸ್ತದೆ. ಆದರೆ ದಾಖಲೆ ಹೇಳುವುದು: ಇದನ್ನು ಬದಲಿಸಿದರೆ ಅದಕ್ಕೆ ಸೇರಿದ ಇತರ ನೆಟ್‌ವರ್ಕ್ ಸೆಟ್ಟಿಂಗುಗಳು ತಮ್ಮ ಮೂಲಸ್ಥಿತಿಗೆ ಮರಳ್ತವೆ. ಅಂದರೆ ಮೊದಲು ಬೇರೆ ಸೆಟ್ಟಿಂಗು ಸರಿ ಮಾಡಿ ಆಮೇಲೆ ಇದನ್ನು ಬದಲಿಸಿದರೆ ನಮ್ಮ ಕೆಲಸ ಅಳಿಸಿಹೋದೀತು. ಕಡತದ ಮುಖದ ಮೇಲೆ ಇದರ ಸುಳಿವಿಲ್ಲ.

ತಪ್ಪು ಬರೆದರೂ ಇದೇ ಕತೆ. 'ಡರ್ಟಿ_ಬೈಟ್ಸ್' ಕಡತಕ್ಕೆ ಎರಡು ಪುಟಕ್ಕಿಂತ ಕಡಿಮೆ ಬರೆದರೆ ಅದನ್ನು ಸ್ವೀಕರಿಸದೆ ಹಳೆಯದನ್ನೇ ಉಳಿಸಿಕೊಳ್ತದೆ. ಕರ್ನೆಲ್ ತಪ್ಪು ತೋರಿಸಿದಾಗಲೂ ಸಿಗುವುದು ಹೆಚ್ಚೆಂದರೆ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಎಂಬ ಎರಡು ಪದ. ಯಾಕೆ ಸರಿಯಿಲ್ಲ, ಎಷ್ಟಾದರೆ ಸರಿ ಎಂದು ಹೇಳಲು ಆ ದಾರಿಯಲ್ಲಿ ಜಾಗವೇ ಇಲ್ಲ. ಅರ್ಜಿ ತಿರಸ್ಕರಿಸಲಾಗಿದೆ ಎಂಬ ಮೊಹರು ಮಾತ್ರ ಒತ್ತಿ ಕಳಿಸುವ ಕಚೇರಿಯ ಹಾಗೆ.

5. ಹೆಸರು ಉಳಿಯಲಿ, ಟೀಕು ಬರಲಿ

ಇಷ್ಟೆಲ್ಲ ದೋಷ ಹೇಳಿದ ಮೇಲೆ, ಹಾಗಾದರೆ ಹೆಸರು ಬದಲಿಸಿ, ಸೊನ್ನೆಯ ಬದಲು ಸರಿಯಾದ ಮಾತು ಹಾಕಿ ಎನ್ನಬೇಕಲ್ವಾ? ನಾನು ಹಾಗೆ ಹೇಳುವುದಿಲ್ಲ.

ಲಿನಕ್ಸ್ ಕರ್ನೆಲ್ ಕಟ್ಟುವವರಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಉಂಟು. ಹೊರಗಿನ ಪ್ರೋಗ್ರಾಮುಗಳು ನೆಚ್ಚಿಕೊಂಡದ್ದನ್ನು ಮುರಿಯಬಾರದು. ಲಿನಸ್ ಟೊರ್ವಾಲ್ಡ್ಸ್ ಈ ವಿಷಯದಲ್ಲಿ ಎಷ್ಟು ಕಠಿಣ ಎಂಬುದು ಆ ವಲಯದಲ್ಲಿ ಎಲ್ಲರಿಗೂ ಗೊತ್ತು. 'ಡರ್ಟಿ_ರೇಷಿಯೊ' ಓದಿ ಅಂಕೆ ನಿರೀಕ್ಷಿಸುವ ಸ್ಕ್ರಿಪ್ಟುಗಳು ಎಷ್ಟೋ ಯಂತ್ರಗಳಲ್ಲಿ ಇರಬಹುದು. ಅಲ್ಲಿ ನಾಳೆ ಒಂದು ವಾಕ್ಯ ಕಂಡರೆ ಅವು ಬೀಳ್ತವೆ. ಕಡತದ ರೂಪದಲ್ಲಿ ಕೊಟ್ಟದ್ದರ ಬೆಲೆ ಇದು: ಮನುಷ್ಯರು ಓದಲಿ ಎಂದು ಬರೆದ ಅಕ್ಷರ, ಯಂತ್ರಗಳ ಜೊತೆ ಮಾಡಿಕೊಂಡ ಕರಾರೂ ಆಗಿಬಿಡ್ತದೆ.

ಹೆಸರಿನ ವಿಷಯದಲ್ಲಿ ನನ್ನ ಪಕ್ಷಪಾತವನ್ನೂ ಮುಚ್ಚಿಡುವುದಿಲ್ಲ. ನಾನು ಕುಂಬಳೆ ಎಂದು ಹೇಳುವ ಊರು ಮಲಯಾಳದ ಬೋರ್ಡಿನಲ್ಲಿ ಕುಂಬಳ. 1956ರ ನಂತರ ಇಲ್ಲಿ ಹುಟ್ಟಿದವರಿಗೆ, ಊರಿನ ಹೆಸರಿನ ಕೊನೆಯ ಒಂದು ಸ್ವರ ಬದಲಾದರೆ ಏನಾಗ್ತದೆ ಎಂದು ವಿವರಿಸಬೇಕಾಗಿಲ್ಲ. ಅಕ್ಕಲಕೋಟೆ, ಆದವಾನಿಯವರಿಗೂ ಇದು ಗೊತ್ತುಂಟು. ಹೆಸರು ಸರಿಯಿಲ್ಲ ಎಂದು ಯಾರೋ ಮೇಲಿನಿಂದ ತಿದ್ದಿದಾಗ, ಆ ಹೆಸರನ್ನು ನೆಚ್ಚಿಕೊಂಡವರ ದಾಖಲೆ, ಪತ್ರ, ನೆನಪು ಎಲ್ಲ ಸಡಿಲವಾಗ್ತವೆ. ಹಾಗಾಗಿ 'ಸ್ವಾಪಿನೆಸ್' ಕೆಟ್ಟ ಹೆಸರಾದರೂ ಇರಲಿ, ಸೊನ್ನೆಯೂ ಇರಲಿ.

ಹಾಗಾದರೆ ಓದುಗನ ಗತಿ ಏನು? ನಮ್ಮ ಪರಂಪರೆಯಲ್ಲಿ ಇದಕ್ಕೆ ಉತ್ತರ ಉಂಟು. ಮೂಲವನ್ನು ತಿದ್ದಬೇಡಿ, ಟೀಕು ಬರೆಯಿರಿ. ಹಳೆಯ ಕಾವ್ಯಗಳ ಎಷ್ಟೋ ಹಸ್ತಪ್ರತಿಗಳಲ್ಲಿ ಮೂಲದ ಜೊತೆಗೇ ಟೀಕು ಸಾಗಿಬರ್ತದೆ. ಓದುಗ ಪದ್ಯದಲ್ಲಿ ಎಡವಿದರೆ ಅರ್ಥ ಹುಡುಕಿಕೊಂಡು ಇನ್ನೊಂದು ಊರಿಗೆ ಹೋಗಬೇಕಾಗಿಲ್ಲ. ಲಿನಕ್ಸಿನಲ್ಲಿ ಟೀಕು ಇಲ್ಲವೆಂದಲ್ಲ. ಕರ್ನೆಲ್ಲಿನ ದಾಖಲೆಗಳಲ್ಲಿ ಈ ಸೆಟ್ಟಿಂಗುಗಳ ವಿವರ ಚೆನ್ನಾಗಿಯೇ ಉಂಟು, ನಾನು ಇಂದು ಹೇಳಿದ್ದರಲ್ಲಿ ಹೆಚ್ಚಿನದು ಅಲ್ಲಿಂದ ಕಲಿತದ್ದು. ಆದರೆ ಅದು ಬೇರೆ ಪುಸ್ತಕ. ಕಡತ ತೆರೆದವಳ ಕೈಯಲ್ಲಿ ಅದು ಇರುವುದಿಲ್ಲ. ಹೆದರಿದ ಮೇಲೆ ಹುಡುಕಬೇಕು.

ಇಲ್ಲಿ ಬಿಎಸ್‌ಡಿ ಪರಂಪರೆಯ ಕಡೆ ಪುನಃ ನೋಡಬೇಕು. ಇಂದಿನ ಫ್ರೀಬಿಎಸ್‌ಡಿಯಲ್ಲಿ ಸೆಟ್ಟಿಂಗನ್ನು ಕರ್ನೆಲ್ಲಿನೊಳಗೆ ಬರೆಯುವಾಗಲೇ ಅದಕ್ಕೊಂದು ಸಣ್ಣ ವಿವರಣೆಯ ಸಾಲು ಸೇರಿಸ್ತಾರೆ. 'ಸಿಸ್‌ಕಂಟ್ರೋಲ್' ಆಜ್ಞೆಗೆ 'ಡಿ' ಎಂಬ ಗುರುತು ಕೊಟ್ಟರೆ ಆ ಸಾಲು ಸಿಗ್ತದೆ. ಕಡತದ ಸುಲಭ ಅಲ್ಲಿ ಇಲ್ಲ, ಆದರೆ ಮೂಲ ಮತ್ತು ಟೀಕು ಒಟ್ಟಿಗೆ ಉಂಟು. ಲಿನಕ್ಸಿನಲ್ಲಿ ಕಡತ ಉಂಟು, ಟೀಕು ದೂರ. ಹೊಸದಾಗಿ ಇಂಥ ವ್ಯವಸ್ಥೆ ಕಟ್ಟುವವರು ಎರಡನ್ನೂ ಕೂಡಿಸಬಹುದು. ಪ್ರತಿ ಸೆಟ್ಟಿಂಗಿಗೂ ಒಂದು ಮೌಲ್ಯದ ಕಡತ, ಅದರ ಪಕ್ಕ ಓದಲು ಮಾತ್ರ ಬರುವ ಒಂದು ಟೀಕಿನ ಕಡತ. ಅದರಲ್ಲಿ ಅಳತೆ ಯಾವುದು, ಮಿತಿ ಎಷ್ಟು, ಇದನ್ನು ಬದಲಿಸಿದರೆ ಇನ್ನಾವುದು ಬದಲಾಗ್ತದೆ ಎಂದು ಮೂರು ಸಾಲು. ಮೌಲ್ಯ ಯಂತ್ರಕ್ಕೆ, ಟೀಕು ಮನುಷ್ಯರಿಗೆ.

ಕನ್ನಡದವರಿಗೆ ಇಲ್ಲಿ ಒಂದು ಲಾಭವೂ ಉಂಟು. ಕಡತದ ಹೆಸರನ್ನು ಕನ್ನಡಕ್ಕೆ ತಿರುಗಿಸಲು ಆಗದು, ತಿರುಗಿಸಲೂಬಾರದು. ಟೀಕನ್ನು ತಿರುಗಿಸಬಹುದು. ಮೂಲ ಮುಟ್ಟದೆ ಅರ್ಥವನ್ನು ನಮ್ಮ ಮಾತಿಗೆ ತರುವುದು ಟೀಕುಕಾರರು ಮೊದಲಿನಿಂದ ಮಾಡಿಕೊಂಡು ಬಂದ ಕೆಲಸ.

ಕೊನೆಗೆ ಅಜ್ಜನ ವಿಷಯ. ಎರಡು ತಿಂಗಳ ನಂತರ ಮುಖ ಸಣ್ಣ ಮಾಡಿಕೊಂಡು ಪುನಃ ಅವರ ಮನೆಗೆ ಹೋದೆ. "ಹೋದದ್ದು ಹೋಯಿತು, ಪುನಃ ತೆಗಿ" ಎಂದರು. ಮಳೆಗಾಲ ಕಳೆದಿತ್ತು. ಅರುವತ್ತು ಹಾಳೆಯಲ್ಲಿ ಮೂರರ ಅಂಚು ಉದುರಿತ್ತು. ಪ್ರತಿ ಸಾಲಿನ ಕೊನೆಯ ಎರಡು ಮೂರು ಅಕ್ಷರ ಈಗ ಎಲ್ಲೂ ಇಲ್ಲ. ನನ್ನ ಪ್ರಬಂಧದಲ್ಲಿ ಆ ಜಾಗಗಳಿಗೆ ಚುಕ್ಕಿ ಇಟ್ಟಿದ್ದೇನೆ, ಯಾಕೆ ಎಂದು ಕೆಳಗೆ ಟೀಕು ಬರೆದಿದ್ದೇನೆ. ಸೊನ್ನೆ ಹಾಕಲಿಲ್ಲ.

ಚರ್ಚೆಯಿಂದ

ಸೊಲ್ಲಾಪುರದ ಕೇಳುಗರೊಬ್ಬರು ಕೇಳಿದರು: "ತಂಗಿ, ಕರ್ನೆಲ್ ಅಂದ್ರ ಸಣ್ಣದಿರಬೇಕು, ಮೆಮೊರಿ ಉಳಸಬೇಕು. ಅದರಾಗ ಇಷ್ಟು ಟಿಪ್ಪಣಿ ತುಂಬಿದ್ರ ಭಾರ ಆಗಂಗಿಲ್ಲೇನು?"

ನನ್ನ ಉತ್ತರ: ಆಗ್ತದೆ ಸರ್, ಸ್ವಲ್ಪ. ಅದಕ್ಕೇ ಫ್ರೀಬಿಎಸ್‌ಡಿಯಲ್ಲಿ ವಿವರಣೆಗಳನ್ನು ಬಿಟ್ಟು ಕರ್ನೆಲ್ ಕಟ್ಟುವ ಆಯ್ಕೆ ಇಟ್ಟಿದ್ದಾರೆ. ಸಣ್ಣ ಯಂತ್ರಕ್ಕೆ ಬೇಡವಾದರೆ ಬಿಡಬಹುದು. ಲಿನಕ್ಸಿನಲ್ಲೂ ಅರ್ಧ ದಾರಿ ಈಗಾಗಲೇ ಉಂಟು. ಮಾಡ್ಯೂಲ್ ಎಂಬ ಬಿಡಿ ಭಾಗಗಳ ಸೆಟ್ಟಿಂಗುಗಳಿಗೆ ವಿವರಣೆ ಬರೆಯುವ ಪದ್ಧತಿ ಇದೆ. 'ಮಾಡ್‌ಇನ್ಫೊ' ಎಂಬ ಆಜ್ಞೆ ಅದನ್ನು ಮಾಡ್ಯೂಲಿನ ಕಡತದಿಂದ ಓದಿ ತೋರಿಸ್ತದೆ. ಮೌಲ್ಯ ಒಂದು ಕಡೆ, ವಿವರಣೆ ಒಂದು ಕಡೆ. ಇನ್ನು ಹತ್ತಿರ ತಂದರೆ ಸಾಕು ಎಂಬುದೇ ನನ್ನ ಮಾತು.

ಹೊಸೂರಿನ ವಿದ್ಯಾರ್ಥಿಯೊಬ್ಬನ ಪ್ರಶ್ನೆ: "ಅಕ್ಕಾ, ಪೆನ್‌ಡ್ರೈವ್‌ಗೋಸ್ಕರ ಇಡೀ ಕಂಪ್ಯೂಟರಿನ ಸೆಟ್ಟಿಂಗ್ ಯಾಕೆ ಬದಲಾಯಿಸಬೇಕು? ಅದಕ್ಕೊಂದಕ್ಕೇ ಹೇಳೋಕಾಗಲ್ವಾ?"

ಒಳ್ಳೆ ಪ್ರಶ್ನೆ. 'ವಿಎಂ' ಫೋಲ್ಡರಿನಲ್ಲಿ ಬರೆದದ್ದು ಇಡೀ ಯಂತ್ರಕ್ಕೆ. 'ಸಿಸ್' ಫೋಲ್ಡರಿನ 'ಕ್ಲಾಸ್' ಒಳಗೆ 'ಬಿಡಿಐ' ಎಂದು ಉಂಟು. ಅಲ್ಲಿ ಒಂದೊಂದು ಡಿಸ್ಕಿಗೂ ಬೇರೆ ಫೋಲ್ಡರು, ಒಳಗೆ 'ಮ್ಯಾಕ್ಸ್_ರೇಷಿಯೊ' ಎಂಬ ಕಡತ. ಒಟ್ಟು ಮಿತಿಯಲ್ಲಿ ಆ ಡಿಸ್ಕಿನ ಪಾಲು ಎಷ್ಟು ಎಂದು ಅಲ್ಲಿ ಹೇಳಬಹುದು. ಕಡತ ಯಾವ ಜಾಗದಲ್ಲಿ ಕೂತಿದೆ ಎಂಬುದೇ ಅದು ಯಾರಿಗೆ ಅನ್ವಯ ಎಂದು ಹೇಳ್ತದೆ, ಅದು ಕಡತ ಪದ್ಧತಿಯ ಚಂದ. ಆದರೆ ಅಲ್ಲಿ ಪೆನ್‌ಡ್ರೈವಿನ ಫೋಲ್ಡರಿಗೆ ಹೆಸರಿಲ್ಲ, '8:16' ಅಂತ ಒಂದು ಸಂಖ್ಯೆ. ಅದು ನನ್ನ ಪೆನ್‌ಡ್ರೈವ್ ಎಂದು ಗೊತ್ತಾಗಲು ನನಗೆ ಪುನಃ ಮಂಗಳೂರಿಗೆ ಫೋನು ಮಾಡಬೇಕಾಯಿತು.